ಕ್ರೇನ್ ನಿಂತ ನೆಲ: ಕುಸಿತ, ಬಿರುಕು, ಕಲೆಗಳ ಮೂಲ ಹುಡುಕುವ ಬಗೆ

ಶಿರಸಿಯ ಹತ್ತಿರದ ಒಂದು ಹಳ್ಳಿ ದೇವಸ್ಥಾನದ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದು ನಾನೇ. ಎರಡು ಮಳೆಗಾಲ ಅದು ಅಲುಗದೆ ನಿಂತಿತ್ತು. ಮೂರನೆಯ ವರ್ಷದ ಆಗಸ್ಟ್‌ನಲ್ಲಿ ಕಲ್ಲಿನ ಕಂಬವೊಂದನ್ನು ನಿಲ್ಲಿಸಲು ಹೈಡ್ರಾ ಕ್ರೇನ್ ತರಿಸಿದರು. ಸಂಜೆ ಅದು ಹೊರಟುಹೋದಾಗ ಅಂಗಳದಲ್ಲಿ ನಾಲ್ಕು ಬೆರಳು ಆಳದ ಎರಡು ಪಟ್ಟೆಗಳು ಉಳಿದಿದ್ದವು. ಸಮಿತಿಯ ಹಿರಿಯರು ನನ್ನನ್ನು ಕರೆಸಿ ಕೇಳಿದರು: "ತಮ್ಮಾ, ಕಂಬದ ತೂಕ ಎರಡೇ ಟನ್ನು. ಇದೇ ಅಂಗಳದಲ್ಲಿ ಹತ್ತು ಟನ್ನಿನ ಲಾರಿ ನಿಂತು ಹೋಗಿದೆ. ಈಗ ಹೀಗೇಕಾಯಿತು?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಕ್ರೇನ್ ಎಷ್ಟು ಟನ್ ಎತ್ತುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಅದು ನಿಲ್ಲುವ ನೆಲ ಎಷ್ಟು ಹೊರುತ್ತದೆ ಎಂದು ವಿಚಾರಿಸುವವರನ್ನು ಘಟ್ಟದ ಮೇಲೂ ಕರಾವಳಿಯಲ್ಲೂ ನಾನು ಕಂಡದ್ದು ತೀರಾ ಕಡಿಮೆ. ಕಣ್ಣಿಗೆ ಬೀಳುವ ಲಕ್ಷಣಗಳಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಕಾರಣದವರೆಗೆ ಹೋಗುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಇದನ್ನು ಓದಿ: ತಕ್ಷಣ ಕೆಲಸ ನಿಲ್ಲಿಸಬೇಕಾದ ಲಕ್ಷಣಗಳು

ಭಾರ ಕೊಕ್ಕೆಯಲ್ಲಿ ತೂಗುತ್ತಿರುವಾಗ ಕ್ರೇನಿನ ಒಂದು ಜಾಕ್ ಕಾಲು (ಯಂತ್ರ ವಾಲದಂತೆ ಬದಿಗೆ ಚಾಚಿ ನೆಲಕ್ಕೆ ಊರುವ ಕಾಲು) ಇಳಿಯುತ್ತಿದ್ದರೆ, ಲೆವೆಲ್ ಗಾಜಿನ ಗುಳ್ಳೆ ನಡುವಿನಿಂದ ಸರಿಯುತ್ತಿದ್ದರೆ, ಎದುರು ಬದಿಯ ಕಾಲು ನೆಲದಿಂದ ಸಡಿಲವಾದಂತೆ ಕಂಡರೆ, ಅಥವಾ ನೆಲದೊಳಗಿಂದ 'ಚಟ್' ಎಂಬ ಸದ್ದು ಬಂದರೆ, ಕಾರಣ ಹುಡುಕುತ್ತ ಅಲ್ಲಿ ನಿಲ್ಲಬೇಡಿ. ಜನರನ್ನು ದೂರ ಕಳಿಸಿ. ಆಪರೇಟರ್ ಬೂಮನ್ನು, ಅಂದರೆ ಕ್ರೇನಿನ ಉದ್ದನೆಯ ತೋಳನ್ನು, ಇನ್ನಷ್ಟು ಚಾಚದೆ, ಹತ್ತಿರದ ಸುರಕ್ಷಿತ ಜಾಗದಲ್ಲಿ ಭಾರವನ್ನು ಮೆಲ್ಲಗೆ ಇಳಿಸಲಿ. ಇಳಿಯುತ್ತಿರುವ ಕಾಲಿನ ಕೆಳಗೆ ಹಲಗೆ ತುರುಕಲು ಯಾರೂ ಕೈ ಹಾಕಬಾರದು. ಬೂಮ್ ಉದ್ದಕ್ಕೆ ಚಾಚಿರುವಾಗ ಯಂತ್ರ ಮೂರು ಡಿಗ್ರಿಯಷ್ಟು ವಾಲಿದರೆ ಸಾಕು, ಅದರ ಎತ್ತುವ ಸಾಮರ್ಥ್ಯ ಅರ್ಧಕ್ಕೆ ಇಳಿಯಬಹುದು. ಮೂರು ಡಿಗ್ರಿ ಬರಿಗಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಗುಳ್ಳೆಯನ್ನು ನೋಡುವುದಕ್ಕೆಂದೇ ಒಬ್ಬರನ್ನು ನಿಲ್ಲಿಸಿ.

ಲಕ್ಷಣ: ಇಂಟರ್‌ಲಾಕ್ ಅಂಗಳದಲ್ಲಿ ಗಾಲಿಯ ದಾರಿ ಪಟ್ಟೆಯಾಗಿ ಕುಸಿದಿದೆ

ಮೊದಲು ಬ್ಲಾಕುಗಳನ್ನೇ ನೋಡಿ. ಒಡೆದಿವೆಯೇ, ಅಥವಾ ಇಡಿಯಾಗಿಯೇ ಕೆಳಗಿಳಿದಿವೆಯೇ? ಒಡೆದಿದ್ದರೆ ಬ್ಲಾಕ್ ತೆಳುವಾಗಿದೆ ಅಥವಾ ಕಳಪೆಯದು. ಮನೆಯೆದುರಿನ ಹಗುರ ಓಡಾಟಕ್ಕೆ 60 ಮಿಲಿಮೀಟರ್ ದಪ್ಪದ್ದು ಸಾಕಾಗುತ್ತದೆ. ಲಾರಿ, ಕ್ರೇನ್ ಬರುವಲ್ಲಿ 80ಕ್ಕಿಂತ ಕಡಿಮೆ ಹಾಕಬಾರದು, ದಿನವೂ ಭಾರದ ವಾಹನ ಬರುವಲ್ಲಿ 100 ಬೇಕು. ಒಂದು ಬ್ಲಾಕ್ ಎಬ್ಬಿಸಿ ಅಳತೆಪಟ್ಟಿ ಹಿಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಬ್ಲಾಕ್ ಇಡಿಯಾಗಿಯೇ ಇದ್ದು ಕೆಳಗಿಳಿದಿದ್ದರೆ ತಪ್ಪು ಬ್ಲಾಕಿನದಲ್ಲ, ಬುಡದ್ದು. ದೇವಸ್ಥಾನದ ಅಂಗಳದಲ್ಲಿ ಆಗಿದ್ದು ಇದೇ. ಪಟ್ಟೆಯ ನಡುವೆ ಹತ್ತು ಬ್ಲಾಕ್ ಎಬ್ಬಿಸಿದೆ. ಕೆಳಗಿನ ಜಲ್ಲಿಪುಡಿ ಹಿಂಡಿದರೆ ನೀರು ಸೋರುವಷ್ಟು ಒದ್ದೆಯಾಗಿತ್ತು. ಅದರ ಕೆಳಗೆ ಹಾರೆಗೋಲು ಊರಿದರೆ ಕೈಭಾರಕ್ಕೇ ಒಂದು ಗೇಣು ಇಳಿಯಿತು. ನೀರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಮೂಲೆಯ ಗಟಾರದ ಬಾಯಿ ತರಗೆಲೆಯಿಂದ ಕಟ್ಟಿಕೊಂಡಿದ್ದು ಕಂಡಿತು. ಚಾವಣಿಯಿಂದ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಎರಡು ವಾರ ಬ್ಲಾಕಿನ ಸಂದಿಗಳಿಂದ ಬುಡಕ್ಕೆ ಇಳಿದಿತ್ತು.

ಹಾಗಾದರೆ ಲಾರಿ ಏಕೆ ನೆಲವನ್ನು ಕುಸಿಯಿಸಲಿಲ್ಲ? ಅದು ಬಂದದ್ದು ಮಾರ್ಚ್‌ನಲ್ಲಿ, ನೆಲ ಒಣಗಿದ್ದಾಗ. ಇನ್ನೊಂದು ಕಾರಣ ಹೈಡ್ರಾದ ಗುಣ. ಅದಕ್ಕೆ ಜಾಕ್ ಕಾಲುಗಳಿಲ್ಲ. ಭಾರವನ್ನು ಮುಂದೆ ತೂಗಿಸಿಕೊಂಡು ಗಾಲಿಯ ಮೇಲೆಯೇ ನಡೆಯುತ್ತದೆ. ಮುಂದಿನ ಹಿಂದಿನ ಗಾಲಿಗಳ ನಡುವೆ ಮೂರು ಮೀಟರ್ ಅಂತರವಿದ್ದು, ಕೊಕ್ಕೆ ಮುಂದಿನ ಗಾಲಿಗಿಂತ ಎರಡು ಮೀಟರ್ ಆಚೆಗಿದೆ ಎಂದುಕೊಳ್ಳಿ. ಎರಡು ಟನ್ ಎತ್ತಿದಾಗ ಮುಂದಿನ ಗಾಲಿಗಳಿಗೆ ಸೇರುವುದು ಎರಡು ಟನ್ನಲ್ಲ, ಸುಮಾರು 3.3 ಟನ್. ಏತದ ಹಾಗೆ ಹಿಂದಿನ ಗಾಲಿಗಳ ಮೇಲಿದ್ದ 1.3 ಟನ್ ಕೂಡ ಮುಂದಕ್ಕೆ ಬರುತ್ತದೆ. ಬೂಮ್ ಚಾಚಿದಷ್ಟೂ ಈ ಲೆಕ್ಕ ಏರುತ್ತದೆ. ಯಂತ್ರದ ಸ್ವಂತ ತೂಕ ಬೇರೆ.

ಗಾಲಿ ನೆಲವನ್ನು ಒತ್ತುವ ಬಿರುಸನ್ನು ತಿಳಿಯಲು ಸುಲಭದ ಒಂದು ಹಾದಿಯಿದೆ. ಟಯರಿನೊಳಗಿನ ಗಾಳಿಯ ಒತ್ತಡವೇ ಹೆಚ್ಚುಕಡಿಮೆ ನೆಲದ ಮೇಲಿನ ಒತ್ತಡ. 100 ಪಿಎಸ್‌ಐ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಏಳು ಕಿಲೋ, ಅಂದರೆ ಚದರ ಮೀಟರಿಗೆ 70 ಟನ್. ಗಟ್ಟಿ ಬುಡ ಇದನ್ನು ಹರಡಿ ಹೊರುತ್ತದೆ. ನೆನೆದ ಬುಡಕ್ಕೆ ಅದು ಆಗುವುದಿಲ್ಲ.

ಪರೀಕ್ಷೆಯ ಕ್ರಮ ಹೀಗಿರಲಿ. ಗಟಾರ ಹರಿಯುತ್ತಿದೆಯೇ ನೋಡಿ. ಅಂಚಿನ ಕರ್ಬ್ ಕಲ್ಲುಗಳು ಹೊರಗೆ ವಾಲಿವೆಯೇ ನೋಡಿ. ಅಂಚು ಬಿಟ್ಟರೆ ಇಡೀ ಹಾಸು ಸಡಿಲವಾಗುತ್ತದೆ. ಸಂದಿಗಳಲ್ಲಿ ಮರಳು ಇದೆಯೇ ಎಂದು ಚಾಕುವಿನ ತುದಿಯಿಂದ ಕೆರೆದು ನೋಡಿ. ಬ್ಲಾಕುಗಳನ್ನು ಎಬ್ಬಿಸುವ ಕೆಲಸ ಆ ಮೇಲೆ.

ಲಕ್ಷಣ: ಗಾಲಿ ಹೋದಂತೆಲ್ಲ ಸಂದಿಯಿಂದ ಕೆಸರುನೀರು ಚಿಮ್ಮುತ್ತದೆ

ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಬುಡದಲ್ಲಿ ನೀರು ನಿಂತಿದೆ, ಮೇಲಿನ ಹಾಸು ಪಂಪಿನಂತೆ ಅದನ್ನು ಒತ್ತುತ್ತಿದೆ, ಪ್ರತಿ ಒತ್ತಿಗೂ ಒಂದಿಷ್ಟು ನುಣ್ಣನೆಯ ಮಣ್ಣು ಹೊರಗೆ ಹೋಗುತ್ತಿದೆ. ಇಂದು ಕೆಸರು, ನಾಳೆ ಟೊಳ್ಳು. ಕಾಂಕ್ರೀಟ್ ಹಾಸಿನ ಸಂದಿಯಲ್ಲೂ ಇದೇ ಅರ್ಥ.

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ನಮ್ಮ ನೆಲದ್ದೇ ಒಂದು ಗುಟ್ಟು ಇದೆ. ಮೇಲೆ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಪದರ, ಅದರಡಿಯಲ್ಲಿ ಹಲವೆಡೆ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದಾಗ ಅದು ಹಾರೆಗೂ ಬಗ್ಗದು. ನೀರು ಕುಡಿದರೆ ಬೆಣ್ಣೆಯಂತಾಗುತ್ತದೆ. ಜಾಗ ಸಮ ಮಾಡುವಾಗ ಮೇಲಿನ ಚಿರೆ ಪದರವನ್ನು ಜೆಸಿಬಿಯಿಂದ ಕೆರೆದು ತೆಗೆದು, ಶೇಡಿಯ ಮೇಲೆಯೇ ಹಾಸು ಹಾಕಿದ ಅಂಗಳಗಳು ಬೇಸಿಗೆಯಲ್ಲಿ ಎಷ್ಟು ಗಟ್ಟಿ ಕಂಡರೂ ಮಳೆಗಾಲದಲ್ಲಿ ಕ್ರೇನನ್ನು ಹೊರಲಾರವು. ನಿಮ್ಮ ಬಾವಿ ತೋಡುವಾಗ ಎಷ್ಟು ಆಳಕ್ಕೆ ಯಾವ ಮಣ್ಣು ಬಂತು ಎಂದು ಮನೆಯ ಹಿರಿಯರನ್ನು ಕೇಳಿ. ದುಡ್ಡು ಕೊಡದೆ ಸಿಗುವ ಒಳ್ಳೆಯ ಮಣ್ಣಿನ ವರದಿ ಅದು.

ಅಂಗಳದ ಬದಿಯಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ ಹೆಬ್ಬೆರಳಿನಿಂದಲೂ ಪರೀಕ್ಷಿಸಬಹುದು. ಜೇಡಿನೆಲದ ಮೇಲೆ ಉಗುರು ಊರಿದರೆ ಮಾತ್ರ ಗುರುತು ಬೀಳುತ್ತದೆಯೇ? ಅಂದಾಜು ಚದರ ಮೀಟರಿಗೆ 25 ಟನ್ ಹೊರಬಹುದು. ಹೆಬ್ಬೆರಳನ್ನು ಬಲವಾಗಿ ಒತ್ತಿದಾಗ ತಗ್ಗಾದರೆ 15. ಸಾಧಾರಣ ಒತ್ತಿಗೇ ತಗ್ಗಾದರೆ 10. ಬೆರಳು ಸಲೀಸಾಗಿ ಒಳಗೆ ಹೋದರೆ 5. ಕಟ್ಟಡದ ಪಾಯಕ್ಕೆ ಎಂಜಿನಿಯರುಗಳು ಮೊದಲ ಅಂದಾಜಿಗೆ ಬಳಸುವ ಅಂಕಿಗಳಿವು. ಮರಳಿನ ನೆಲಕ್ಕೆ ಈ ಪರೀಕ್ಷೆ ಒಪ್ಪುವುದಿಲ್ಲ. ಅಲ್ಲಿ ನೀರು ಬುಡದವರೆಗೆ ಏರಿದ್ದರೆ ಸಾಮರ್ಥ್ಯವನ್ನು ಅರ್ಧ ಎಂದೇ ಹಿಡಿಯಬೇಕು.

ಬೆರಳು ಸಲೀಸಾಗಿ ಹೋಗುವ ನೆಲಕ್ಕೆ ಕ್ರೇನ್ ಕರೆಯಬೇಡಿ. ಕೆಲಸವನ್ನು ದೀಪಾವಳಿ ಕಳೆದ ಮೇಲಕ್ಕೆ ಹಾಕಿ.

ಲಕ್ಷಣ: ಜಾಕ್ ಕಾಲಿನ ಕೆಳಗಿನ ಹಲಗೆ ನಡುವೆ ತಗ್ಗಿ ಅಂಚು ಮೇಲೆದ್ದಿದೆ, ಅಥವಾ ಸೀಳಿದೆ

ಹಲಗೆ ಹಾಕಿದ್ದೇವಲ್ಲ ಎಂಬ ಸಮಾಧಾನ ಇಲ್ಲಿ ಮೋಸ ಮಾಡುತ್ತದೆ. ಅಂಚು ಎದ್ದಿದೆ ಎಂದರೆ ಹಲಗೆ ಭಾರವನ್ನು ಹರಡುತ್ತಿಲ್ಲ, ಬಾಗಿ ಬಿಟ್ಟಿದೆ. ಕೆಳಗಿನ ನೆಲಕ್ಕೆ ಹೆಚ್ಚುಕಡಿಮೆ ಕಾಲಿನಷ್ಟೇ ಅಗಲದಲ್ಲಿ ಒತ್ತು ಬೀಳುತ್ತಿದೆ. ಎಂಟು ಮಿಲಿಮೀಟರಿನ ಕಬ್ಬಿಣದ ತಗಡನ್ನೊಂದೇ ಹಾಕಿದಾಗ ಹೀಗೆಯೇ ಆಗುತ್ತದೆ. ತೆಂಗಿನ ಮರದ ತುಂಡು ಹಾಕುವವರಿದ್ದಾರೆ. ಅದರ ತಿರುಳು ಮೆತ್ತಗೆ, ಜಜ್ಜಿಹೋಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಬೂಮ್ ಒಂದು ಮೂಲೆಯ ಮೇಲೆ ತಿರುಗಿದಾಗ ಯಂತ್ರ ಮತ್ತು ಭಾರ ಎರಡರ ಒಟ್ಟು ತೂಕದ ಮುಕ್ಕಾಲು ಪಾಲು ಅದೇ ಮೂಲೆಯ ಕಾಲಿಗೆ ಬರಬಹುದು ಎಂದು ಹಿಡಿಯಿರಿ. ಯಂತ್ರ 24 ಟನ್, ಭಾರ 4 ಟನ್, ಒಟ್ಟು 28. ಅದರ ಮುಕ್ಕಾಲು 21 ಟನ್. ಕಾಲಿನ ಪಾದ 40 ಸೆಂಟಿಮೀಟರ್ ಚೌಕವಾಗಿದ್ದರೆ ಅದರ ಕೆಳಗೆ ಚದರ ಮೀಟರಿಗೆ 131 ಟನ್ ಬೀಳುತ್ತದೆ. ನೆಲ ಹೊರುವುದು 10 ಟನ್ ಆದರೆ 2.1 ಚದರ ಮೀಟರ್ ಹಾಸು ಬೇಕು, ಎಂದರೆ ಪ್ರತಿ ಬದಿಯೂ ಒಂದೂವರೆ ಮೀಟರಿನ ಹತ್ತಿರ. ನೆಲ 25 ಟನ್ ಹೊರುವುದಾದರೆ 92 ಸೆಂಟಿಮೀಟರಿನ ಚೌಕ ಸಾಕು. ನಮ್ಮ ಕಡೆ ಕ್ರೇನಿನೊಂದಿಗೆ ಬರುವ ಎರಡು ಸಣ್ಣ ದಿಮ್ಮಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಕಾಲಿಗೆ ಬೀಳುವ ನಿಜವಾದ ಭಾರ ಎಷ್ಟು ಎಂಬುದು ಕ್ರೇನಿನ ಪಟ್ಟಿಯಲ್ಲಿರುತ್ತದೆ. ಮಾಲೀಕರಿಂದ ಅದನ್ನು ಮೊದಲೇ ತರಿಸಿ, ನನ್ನ ಮುಕ್ಕಾಲಿನ ಅಂದಾಜಿಗಿಂತ ಅದನ್ನೇ ನಂಬಿ.

ಹಾಸುವ ಕ್ರಮ: ಮೊದಲು ನೆಲಕ್ಕೆ ಗೀರು ಬೀಳದಂತೆ ರಬ್ಬರ್ ಹಾಳೆ. ಅದರ ಮೇಲೆ ಮತ್ತಿ ಮರದಂಥ ಗಟ್ಟಿ ಮರದ ತೊಲೆಗಳು ಅಥವಾ ರೈಲ್ವೆ ಸ್ಲೀಪರುಗಳು, ಸಂದಿಯಿಲ್ಲದೆ ಒತ್ತೊತ್ತಾಗಿ. ಅದರ ಮೇಲೆ ಅಡ್ಡಲಾಗಿ ಇನ್ನೊಂದು ಪದರ. ಮೇಲೆ ದಪ್ಪ ಕಬ್ಬಿಣದ ತಗಡು, ಅದರ ನಟ್ಟನಡುವೆ ಕಾಲು. ಕಾಲು ಅಂಚಿಗೆ ಸರಿದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಭಾರ ಎತ್ತುವ ಮೊದಲು ಪ್ರತಿ ಕಾಲಿನ ಬಳಿ ಸೀಮೆಸುಣ್ಣದಿಂದ ಗುರುತು ಹಾಕಿ, ಭಾರವನ್ನು ನೆಲದಿಂದ ಒಂದು ಗೇಣು ಎತ್ತಿ ಐದು ನಿಮಿಷ ಹಾಗೆಯೇ ಹಿಡಿಯಿರಿ. ಗುರುತು ಸರಿದರೆ ಇಳಿಸಿ. ಹಾಸನ್ನು ಹಿಗ್ಗಿಸದೆ ಮತ್ತೆ ಎತ್ತಬೇಡಿ.

ಲಕ್ಷಣ: ಕಾಲಿನ ಹತ್ತಿರ ನೆಲ ಬಾಯಿಬಿಟ್ಟಿದೆ, ಬಿರುಕು ಧರೆ (ಕಡಿದ ಮಣ್ಣಿನ ಕಡಿದಾದ ಅಂಚು) ಅಥವಾ ಗಟಾರಕ್ಕೆ ಸಮಾನಾಂತರವಾಗಿದೆ

ತಕ್ಷಣ ಕೆಲಸ ನಿಲ್ಲಿಸಬೇಕಾದ ಲಕ್ಷಣಗಳಲ್ಲಿ ಇದೂ ಒಂದು. ನೆಲ ಕೆಳಗೆ ಹೋಗುತ್ತಿಲ್ಲ, ಪಕ್ಕಕ್ಕೆ ಜಾರುತ್ತಿದೆ. ಘಟ್ಟದ ಮೇಲಿನ ಮನೆಗಳೆಲ್ಲ ಧರೆ ಕಡಿದು ಮಾಡಿದ ಸಮತಟ್ಟಿನಲ್ಲಿವೆ. ಅಂಗಳದ ಕೆಳಗೆ ಚಿರೆಕಲ್ಲಿನ ಪಾಗಾರ, ಅದರಾಚೆ ತೋಟ. ಆ ಪಾಗಾರವನ್ನು ಕಟ್ಟಿದ್ದು ಮಣ್ಣನ್ನು ಹಿಡಿಯಲಿಕ್ಕೆ, ಕ್ರೇನಿನ ಕಾಲನ್ನು ಹೊರಲಿಕ್ಕಲ್ಲ. ಗಟ್ಟಿ ನೆಲದಲ್ಲಿ ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ, ಮೆತ್ತನೆಯ ಅಥವಾ ನೆನೆದ ನೆಲದಲ್ಲಿ ಅದರ ಎರಡರಷ್ಟು ದೂರ ಬಿಟ್ಟು ಹಾಸಿನ ಅಂಚು ಬರಲಿ. ಹೊಸದಾಗಿ ತೋಡಿದ ಪೈಪಿನ ಗುಂಡಿಗೂ ಇದೇ ಮಾತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದವು. ಅದಾದ ಮೇಲೂ ಮಳೆಗಾಲದಲ್ಲಿ ಕಡಿದ ಧರೆಯ ಅಂಚಿಗೆ ಯಂತ್ರ ನಿಲ್ಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಧರೆಯ ಬಳಿ ಹೊಸ ಬಿರುಕು ಕಂಡ ದಿನ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಯಿರಿ. ಅವರು ನೋಡುವವರೆಗೆ ಕೆಳಗಿನ ಮನೆಯವರೂ ಅತ್ತ ಸುಳಿಯದಿರಲಿ.

ಬೈತಖೋಲ, ತದಡಿ, ಹೊನ್ನಾವರದಂಥ ಬಂದರುಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧಕ್ಕೆ ಮೊದಲು ದೋಣಿಗಳನ್ನು ದಡಕ್ಕೆ ಏರಿಸುವ ಅವಸರವಿರುತ್ತದೆ. ಅಲ್ಲಿ ದಕ್ಕೆಯ (ದೋಣಿ ನಿಲ್ಲಿಸುವ ಕಟ್ಟೆಯ) ಗೋಡೆಯ ಹಿಂದೆ ತುಂಬಿದ ಮರಳು ಉಬ್ಬರ ಇಳಿತಕ್ಕೆ ಸ್ವಲ್ಪಸ್ವಲ್ಪವೇ ಕೊಚ್ಚಿಹೋಗಿ, ಮೇಲಿನ ಕಾಂಕ್ರೀಟ್ ಮಾತ್ರ ಸೇತುವೆಯಂತೆ ನಿಂತಿರುವುದುಂಟು. ಇಳಿತದ ಹೊತ್ತಿನಲ್ಲಿ ದೋಣಿಯಿಂದ ಗೋಡೆಯ ಬುಡ ನೋಡಿ. ಕಲ್ಲಿನ ಸಂದಿಯಿಂದ ಮರಳು ಸೋರುತ್ತಿದ್ದರೆ ಅಂಚಿನಲ್ಲಿ ಕ್ರೇನ್ ನಿಲ್ಲಿಸುವ ಮಾತು ಬಿಡಿ.

ಲಕ್ಷಣ: ತಟ್ಟಿದರೆ ಟೊಳ್ಳು ಸದ್ದು

ಕ್ರೇನ್ ಬರುವ ಹಿಂದಿನ ದಿನ ಸುತ್ತಿಗೆಯ ಹಿಡಿಯಿಂದಲೋ ಹಾರೆಯ ತುದಿಯಿಂದಲೋ ಅದರ ದಾರಿಯುದ್ದಕ್ಕೂ ಎರಡಡಿಗೊಮ್ಮೆ ತಟ್ಟುತ್ತ ಹೋಗಿ. ಗಟ್ಟಿ ನೆಲದ ಸದ್ದು ಚಿಕ್ಕದು, ಒಣ. ಟೊಳ್ಳಿನದು ಮಡಕೆಯಂತೆ ಅನುರಣಿಸುತ್ತದೆ. ಟೊಳ್ಳು ಕೇಳಿದಲ್ಲಿ ಮೊದಲು ಸಂಶಯ ಪಡಬೇಕಾದದ್ದು ಶೌಚಗುಂಡಿ, ನೀರಿನ ಸಂಪು, ಮುಚ್ಚಿದ ಹಳೆಯ ಬಾವಿ. ಮನೆ ಕೈ ಬದಲಾದಾಗ ಇವು ಎಲ್ಲಿವೆ ಎಂಬುದು ಮರೆತುಹೋಗಿರುತ್ತದೆ. ಗುಂಡಿಯ ಮೇಲಿನ ತೆಳು ಚಪ್ಪಡಿಯ ಮೇಲೆ ಎಷ್ಟು ಹಲಗೆ ಹಾಸಿದರೂ ಪ್ರಯೋಜನವಿಲ್ಲ. ಸುತ್ತ ಬಣ್ಣದಿಂದ ಗೆರೆ ಎಳೆದು ದೂರ ಉಳಿಯಿರಿ. ಕುಸಿದ ಶೌಚಗುಂಡಿಗೆ ಯಾರೂ ಇಳಿಯಬಾರದು, ಒಳಗಿನ ಅನಿಲ ಕೊಲ್ಲುತ್ತದೆ.

ಲಕ್ಷಣ: ಸಭಾಂಗಣದೊಳಗೆ ಟೈಲ್ಸ್ ಬಿರುಕು ಬಿಟ್ಟಿದೆ

ದೀಪ, ಫ್ಯಾನ್ ಕೂರಿಸಲು ಕಲ್ಯಾಣ ಮಂಟಪಗಳಿಗೆ ಈಗ ಸಿಸರ್ ಲಿಫ್ಟ್ (ಕತ್ತರಿಯಂತೆ ಬಿಚ್ಚಿಕೊಂಡು ಆಳನ್ನು ಮೇಲೇರಿಸುವ ಗಾಲಿಯ ಯಂತ್ರ) ಬಾಡಿಗೆಗೆ ಬರುತ್ತದೆ. ನೋಡಲು ಚಿಕ್ಕದು. ಆದರೆ ಒಂದೂವರೆ ಟನ್ ತೂಗುವ ಯಂತ್ರದ ಗಾಲಿಯೊಂದರ ಮೇಲೆ 600 ಕಿಲೋ ಬಿದ್ದು, ಆ ಗಟ್ಟಿ ರಬ್ಬರಿನ ಗಾಲಿ ನೆಲವನ್ನು ಮುಟ್ಟುವುದು 50 ಚದರ ಸೆಂಟಿಮೀಟರ್ ಆದರೆ, ಒತ್ತಡ ಲಾರಿಯ ಟಯರಿಗಿಂತ ಹೆಚ್ಚು.

ಒಡೆದ ಟೈಲನ್ನೂ ಅದರ ಪಕ್ಕದ್ದನ್ನೂ ನಾಣ್ಯದಿಂದ ತಟ್ಟಿ. ಒಡೆದದ್ದು ಮಾತ್ರ ಟೊಳ್ಳಾಗಿದ್ದರೆ ಕೆಳಗೆ ಗಾರೆ ಪೂರ್ತಿ ಹರಡಿರಲಿಲ್ಲ ಎಂದರ್ಥ. ಬಿರುಕು ಒಂದೇ ಗೆರೆಯಲ್ಲಿ ಹಲವು ಟೈಲುಗಳನ್ನು ದಾಟಿದ್ದರೆ ಕೆಳಗಿನ ಕಾಂಕ್ರೀಟೇ ಸೀಳಿದೆ. ಟೈಲ್ ಬದಲಿಸಿ ಮುಗಿಯುವ ಕೆಲಸ ಅದಲ್ಲ. ಮುಂದಿನ ಸಲ 18 ಮಿಲಿಮೀಟರಿನ ಪ್ಲೈವುಡ್ ಎರಡು ಪದರ, ಸಂದಿಗಳು ಒಂದರ ಮೇಲೊಂದು ಬಾರದಂತೆ ಹಾಸಿ. ಕೆಳಗೆ ಮರಳಿನ ಕಣವೂ ಇರದಂತೆ ಗುಡಿಸಿ.

ಮಹಡಿಯ ಮೇಲಾದರೆ ಮಾತೇ ಬೇರೆ. ಕುರ್ಚಿಗಳನ್ನು ಬಿಗಿಯದ ಸಭಾಂಗಣದ ಚಪ್ಪಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 500 ಕಿಲೋ, ಮನೆಯ ಕೋಣೆಯನ್ನು 200 ಕಿಲೋ ಲೆಕ್ಕಕ್ಕೆ ಕಟ್ಟುತ್ತಾರೆ. ಮೇಲಿನ ಲಿಫ್ಟ್ ಆಳನ್ನು ಹೊತ್ತಾಗ ತನ್ನ ಅಡಿಯ ಜಾಗದಲ್ಲಿ ಚದರ ಮೀಟರಿಗೆ 1,200 ಕಿಲೋದಷ್ಟು ಒತ್ತುತ್ತದೆ. ಕಟ್ಟಡದ ನಕ್ಷೆ ನೋಡಿ ಎಂಜಿನಿಯರ್ ಬರೆದು ಕೊಡದೆ ಮೇಲಕ್ಕೆ ಏರಿಸಬೇಡಿ. ಕೆಳಗಿನ ಚಾವಣಿಯಲ್ಲಿ ಗೆರೆ ಮೂಡಿದ್ದು ಕಂಡರೆ ಎರಡೂ ಅಂತಸ್ತು ಖಾಲಿ ಮಾಡಿಸಿ.

ಲಕ್ಷಣ: ಕಾಂಕ್ರೀಟ್ ಅಂಗಳದ ಮೂಲೆ ತುಂಡಾಗಿದೆ

ಹಾಸಿನ ಮೂಲೆ ಅತಿ ದುರ್ಬಲ ಜಾಗ. ಗಾಲಿಯನ್ನಾಗಲಿ ಕಾಲನ್ನಾಗಲಿ ಮೂಲೆಗೂ ಸಂದಿಗೂ ಇಡಬಾರದು. ಹಾಸು ಹೊಸತೇ ಎಂದೂ ಕೇಳಿ. ಏಳು ದಿನಕ್ಕೆ ಕಾಂಕ್ರೀಟಿಗೆ ಬರುವುದು ಸುಮಾರು ಮೂರನೇ ಎರಡು ಪಾಲು ಬಲ. ಪೂರ್ತಿಗೆ 28 ದಿನ ಕಾಯಬೇಕು.

ಲಕ್ಷಣ: ಡಾಂಬರಿನಲ್ಲಿ ಕಾಲಿನ ಅಚ್ಚು, ನೆಲದ ಮೇಲೆ ಕಪ್ಪು ಗೆರೆ, ಎಣ್ಣೆ ಕಲೆ

ರಸ್ತೆಗೆ ಬಳಸುವ ಡಾಂಬರು 47 ಡಿಗ್ರಿಯ ಆಚೀಚೆ ಮೆತ್ತಗಾಗತೊಡಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕಪ್ಪು ರಸ್ತೆ ಅದನ್ನೂ ಮೀರುತ್ತದೆ. ಕೆಲಸ ಬೆಳಗ್ಗೆ ಮುಗಿಸಿ. ಡೀಸೆಲ್ ಮತ್ತು ಹೈಡ್ರಾಲಿಕ್ ಎಣ್ಣೆ ಡಾಂಬರನ್ನು ಕರಗಿಸುತ್ತವೆ, ಕಾಂಕ್ರೀಟಿಗೆ ಇಳಿಯುತ್ತವೆ. ಬಿದ್ದ ಕೂಡಲೇ ಮರದ ಪುಡಿ ಅಥವಾ ಉಮಿ ಚೆಲ್ಲಿ ಹೀರಿಸಿ ಗುಡಿಸಿ ತೆಗೆಯಿರಿ; ನೀರು ಹೊಯ್ದು ತೋಟಕ್ಕೂ ಬಾವಿಗೂ ಕಳಿಸಬೇಡಿ. ಕಪ್ಪು ಟಯರು ನಿಂತ ಜಾಗದಲ್ಲೇ ತಿರುಗಿದರೆ ನೆಲಕ್ಕೆ ಬಣ್ಣ ಹತ್ತುತ್ತದೆ. ಎಪಾಕ್ಸಿ (ರಾಳದ ಲೇಪನದ) ನೆಲದಲ್ಲಿ ಆ ಕಲೆ ಒಳಗೇ ಇಳಿದು ಉಳಿಯುತ್ತದೆ. ಒಳಾಂಗಣಕ್ಕೆ ಗುರುತು ಬಿಡದ ಬಿಳಿ ಗಾಲಿಯ ಯಂತ್ರವನ್ನೇ ಕೇಳಿ ತರಿಸಿ.

ಕುಸಿದದ್ದನ್ನು ಸರಿಪಡಿಸುವಾಗ

ತಗ್ಗಿಗೆ ಮರಳು ತುಂಬಿ ಬ್ಲಾಕನ್ನು ಮೇಲೆತ್ತಿ ಕೂರಿಸುವುದು ಎಲ್ಲರೂ ಮೊದಲು ಮಾಡುವ ತಪ್ಪು. ದಪ್ಪ ಮರಳಿನ ಹಾಸಿಗೆ ಮುಂದಿನ ಗಾಲಿಗೇ ಮತ್ತೆ ಕುಸಿಯುತ್ತದೆ. ದೇವಸ್ಥಾನದಲ್ಲಿ ನಾವು ಮೊದಲು ಗಟಾರ ಬಿಡಿಸಿ ಅಂಗಳದ ಸುತ್ತ ಕಾಲುವೆ ತೋಡಿ, ಬುಡ ಒಣಗಲು ಡಿಸೆಂಬರಿನವರೆಗೆ ಬಿಟ್ಟೆವು. ಆ ಮೇಲೆ ನೆನೆದ ಮಣ್ಣನ್ನು ಎರಡು ಅಡಿ ತೆಗೆದು, ಜಲ್ಲಿಯನ್ನು ಅರ್ಧ ಅಡಿಗೊಂದು ಪದರವಾಗಿ ಹಾಕಿ ಪ್ರತಿ ಪದರವನ್ನೂ ರೋಲರಿನಿಂದ ಕೂರಿಸಿದೆವು. ಮೇಲೆ ಎರಡು ಬೆರಳು ದಪ್ಪದ ಮರಳು, ಕ್ರೇನಿನ ದಾರಿಯಲ್ಲಿ ಮಾತ್ರ 80ರ ಬ್ಲಾಕ್. ಉಳಿದ ಮೂರು ಕಂಬಗಳನ್ನು ಜನವರಿಯಲ್ಲಿ ಎತ್ತಿದರು. ಹಿಂದಿನ ಸಂಜೆ ಆ ಹಿರಿಯರು ಸುತ್ತಿಗೆ ಹಿಡಿದು ಅಂಗಳದುದ್ದಕ್ಕೂ ತಾವೇ ತಟ್ಟುತ್ತ ನಡೆದರು. ಪಾಕಶಾಲೆಯ ಹಿಂದೆ ಒಂದು ಕಡೆ ನಿಂತು ನನ್ನನ್ನು ಕರೆದರು. ಅಲ್ಲಿ ಹಳೆಯ ಬಾವಿಯೊಂದನ್ನು ಮುಚ್ಚಿದ್ದರು. ಕ್ರೇನಿನ ದಾರಿಯನ್ನು ನಾಲ್ಕು ಮೀಟರ್ ಆಚೆಗೆ ಸರಿಸಿದೆವು.